ಗಾಳಿ ಕಾಯುವವಳ ಮೂರನೆಯ ಸಂಪುಟ

ಗ್ರಂಥಾಲಯಗಳ ಚರಿತ್ರೆ ಬರೆಯುವವರು ಪುಸ್ತಕ ರಚಿಸಿದವರನ್ನು ನೆನೆಯುತ್ತಾರೆ, ದಾನವಾಗಿ ಕೊಟ್ಟವರನ್ನು ನೆನೆಯುತ್ತಾರೆ, ವರ್ಗೀಕರಿಸಿ ಕಪಾಟಿಗೇರಿಸಿದವರನ್ನೂ ಒಂದೆರಡು ಸಾಲಿನಲ್ಲಿ ನೆನೆಯುತ್ತಾರೆ. ಹರಿದ ಪುಸ್ತಕವನ್ನು ಹೊಲಿದು ಮತ್ತೆ ಓದುಗರ ಕೈಗಿಟ್ಟವರನ್ನು ಮಾತ್ರ ಮರೆತುಬಿಡುತ್ತಾರೆ. ನಮ್ಮ ಗ್ರಂಥಾಲಯದ ಬೈಂಡಿಂಗ್ ಕೋಣೆಯಲ್ಲಿ ಮೂವತ್ತನಾಲ್ಕು ವರ್ಷ ದುಡಿದು ನಾಲ್ಕು ತಿಂಗಳ ಹಿಂದೆ ನಿವೃತ್ತರಾದ, ಹಾಜರಿ ಪುಸ್ತಕದಲ್ಲಿ ಏನೇ ಹೆಸರಿದ್ದರೂ ಎಲ್ಲರ ಬಾಯಲ್ಲಿ ‘ಬೈಂಡರಮ್ಮ’ ಎಂದೇ ನೆಲೆಸಿದ ಹಿರಿಯರಿಗೆ ಓದುಗರೇ ಮುಂದಾಗಿ ಈ ಅಭಿನಂದನ ಗ್ರಂಥವನ್ನು ಅರ್ಪಿಸುತ್ತಿರುವುದು ಆ ಮರೆವನ್ನು ಕೊಂಚವಾದರೂ ತಿದ್ದುವ ಕೆಲಸವೆಂದು ಭಾವಿಸುತ್ತೇನೆ.

ಲೇಖನಕ್ಕಾಗಿ ನನ್ನನ್ನು ಕೇಳಿದಾಗ ಎರಡು ಸಲ ಆಗುವುದಿಲ್ಲವೆಂದೆ. ಇಪ್ಪತ್ತಾರು ವರ್ಷ ಅವರೊಂದಿಗೆ ಒಂದೇ ಕಟ್ಟಡದಲ್ಲಿ ಕೆಲಸ ಮಾಡಿದವನು, ಅದರಲ್ಲಿ ಹದಿನೈದು ವರ್ಷ ಅವರ ಮೇಲಧಿಕಾರಿಯಾಗಿದ್ದವನು ನಾನು. ಅವರನ್ನು ಹೊಗಳುವುದು ನನಗೆ ಸುಲಭ. ಆದರೆ ಪ್ರಾಮಾಣಿಕವಾಗಿ ಹೊಗಳಬೇಕಾದರೆ ನನ್ನನ್ನು ನಾನೇ ದೂರಿಕೊಳ್ಳದೆ ಬೇರೆ ದಾರಿಯಿರಲಿಲ್ಲ. ಮೂರನೆಯ ಸಲ ಕೇಳಿದಾಗ, ಇಷ್ಟು ವರ್ಷ ಎದೆಯಲ್ಲಿಟ್ಟುಕೊಂಡದ್ದನ್ನು ಇಳಿಸಲು ಇದಕ್ಕಿಂತ ಯೋಗ್ಯವಾದ ಜಾಗ ಸಿಗದೆಂದು ಒಪ್ಪಿಕೊಂಡೆ.

ಬೈಂಡರಮ್ಮ ಶಾಲೆ ಕಲಿತದ್ದು ಏಳನೆಯ ತರಗತಿಯವರೆಗೆ. ಆಮೇಲೆ ಭಾವ ಕೆಲಸಕ್ಕಿದ್ದ ಮುದ್ರಣಾಲಯದಲ್ಲಿ ಮಕ್ಕಳ ನೋಟುಪುಸ್ತಕಗಳನ್ನು ಹೊಲಿಯುತ್ತಿದ್ದರು. ಅಲ್ಲಿ ಹೊಲಿದದ್ದೆಲ್ಲ ಬರಿ ಗೆರೆ ಎಳೆದ ಖಾಲಿ ಹಾಳೆ. ನಮ್ಮಲ್ಲಿಗೆ ಬಂದ ಮೇಲೆ ಮೊದಲ ಬಾರಿಗೆ ಅಕ್ಷರ ತುಂಬಿದ ಹಾಳೆಗಳಿಗೆ ದಾರ ಪೋಣಿಸಿದರು. “ಬರೀ ಅನ್ನದ ವಾಸನೆ ಕುಡಿದಿದ್ದೋಳಿಗೆ ಎಲೆ ಮುಂದೆ ಕೂರಿಸಿದಂಗಾಯ್ತು ಸಾರ್” ಎಂದು ಒಮ್ಮೆ ಹೇಳಿದ್ದರು. ಹೊಲಿಯುವ ಮೊದಲು ಪುಟಗಳು ಕ್ರಮವಾಗಿವೆಯೇ ಎಂದು ನೋಡಬೇಕು. ನೋಡುತ್ತ ನೋಡುತ್ತ ಅವರು ಓದಿಬಿಡುತ್ತಿದ್ದರು. ಕೆಲಸ ನಿಧಾನವೆಂದು ಯಾರೂ ಆಕ್ಷೇಪಿಸುವಂತಿರಲಿಲ್ಲ. ಅವರು ಹೊಲಿದ ಪುಸ್ತಕ ಮತ್ತೆ ಆ ಕೋಣೆಗೆ ಬಂದದ್ದನ್ನು ನಾನಂತೂ ಕಂಡಿಲ್ಲ.

ನೆಲಮಹಡಿಯ ಓಣಿಯ ತುದಿಯಲ್ಲಿದ್ದ ಆ ಕೋಣೆಗೆ ಎದೆಮಟ್ಟದ ಅರ್ಧ ಬಾಗಿಲು. ಒಳಗೆ ಕಬ್ಬಿಣದ ಒತ್ತುಯಂತ್ರ, ರಟ್ಟು ಕತ್ತರಿಸುವ ಮೇಜು, ಗೋಡೆಗೆ ಒರಗಿಸಿದ ಬಟ್ಟೆಯ ಸುರುಳಿಗಳು, ಸದಾ ಬೆಚ್ಚಗಿರುತ್ತಿದ್ದ ಅಂಟಿನ ಡಬ್ಬ. ಪುಸ್ತಕಗಳ ಯೋಗ್ಯತೆಯನ್ನು ಅಳೆಯಲು ಅವರದೇ ಒಂದು ವಿಧಾನವಿತ್ತು, ಅದನ್ನು ಯಾವ ಗ್ರಂಥಾಲಯ ವಿಜ್ಞಾನವೂ ನನಗೆ ಕಲಿಸಿರಲಿಲ್ಲ. “ಮೊದಲ ಮೂವತ್ತು ಪುಟ ಮಾತ್ರ ಕೊಳೆಯಾಗಿದ್ರೆ ಅದು ಹೊಗಳಿಸ್ಕೊಂಡಿರೋ ಪುಸ್ತಕ. ಕೊನೇ ಪುಟದವರೆಗೂ ಕೊಳೆಯಾಗಿದ್ರೆ ಓದಿಸ್ಕೊಂಡಿರೋ ಪುಸ್ತಕ” ಎನ್ನುತ್ತಿದ್ದರು. ಈ ಅಳತೆಗೋಲಿನ ಪ್ರಕಾರ ನಮ್ಮ ಸಂಗ್ರಹದಲ್ಲಿ ಎಲ್ಲಕ್ಕಿಂತ ಹೆಚ್ಚು ಓದಿಸಿಕೊಂಡವು ಮಾಯಾಲೋಕದ ಕಾದಂಬರಿಗಳು. ಇಲ್ಲದ ದೇಶಗಳ, ಮಾತಾಡುವ ಬೆಟ್ಟಗಳ, ಶಾಪ ಹೊತ್ತ ರಾಜಕುವರರ ಆ ದಪ್ಪ ದಪ್ಪ ಪುಸ್ತಕಗಳು ಬೆನ್ನು ಮುರಿದುಕೊಂಡು ಸಾಲುಗಟ್ಟಿ ಅವರ ಮೇಜಿಗೆ ಬರುತ್ತಿದ್ದವು. ಅವರು ಆ ಪ್ರಪಂಚಗಳಿಗೆ ಮನಸೋತು ಹೋದರು. ಸೋತದ್ದನ್ನು ಬಚ್ಚಿಟ್ಟುಕೊಳ್ಳುವ ಸ್ವಭಾವ ಅವರದಲ್ಲ.

ಓದುಗರು ಪುಸ್ತಕ ಹಿಂತಿರುಗಿಸಿ, ಕೌಂಟರಿನಲ್ಲಿದ್ದ ನಮ್ಮಂಥ ಪದವೀಧರರನ್ನು ದಾಟಿ, ನೆಟ್ಟಗೆ ಆ ಅರ್ಧ ಬಾಗಿಲಿಗೆ ಹೋಗುತ್ತಿದ್ದರು. ಮುಂದೇನು ಓದಲೆಂದು ಕೇಳಿದರೆ ಬೈಂಡರಮ್ಮ ಯಾವ ಲೇಖಕರು ಇಷ್ಟ ಎಂದು ವಿಚಾರಿಸುತ್ತಿರಲಿಲ್ಲ. ಮನೆಯಲ್ಲಿ ಯಾರಿದ್ದಾರೆ, ಕೆಲಸ ಹೇಗಿದೆ, ಯಾರ ಮೇಲಾದರೂ ಸಿಟ್ಟಿದೆಯೇ ಎಂದು ವಿಚಾರಿಸುತ್ತಿದ್ದರು. ಪರೀಕ್ಷೆಯಲ್ಲಿ ಎರಡು ಸಲ ನಪಾಸಾದ ವಿದ್ಯಾರ್ಥಿನಿಗೆ, ಏಳು ವರ್ಷ ಗುರುವಿನ ಅಂಗಳ ಗುಡಿಸಿದ್ದು ಬಿಟ್ಟರೆ ಒಂದು ಮಂತ್ರವನ್ನೂ ಕಲಿಯದ ಮಾಂತ್ರಿಕನ ಶಿಷ್ಯನ ಕಥೆ ಸಿಗುತ್ತಿತ್ತು. ಪಕ್ಕದ ಮನೆಯವರೊಂದಿಗೆ ಮಾತುಬಿಟ್ಟ ನಿವೃತ್ತ ದಾದಿಗೆ, ನಡುವಿನ ಗೋಡೆ ರಾತ್ರಿಗೊಂದು ಗೇಣು ಬೆಳೆಯುವ ಜೋಡಿ ಅರಮನೆಗಳ ಕಥೆ. ಕಥೆಯ ರುಚಿ ಹತ್ತಿಸುವಷ್ಟು ಹೇಳಿ, ಕುತೂಹಲ ತುದಿಗೇರಿದ ಗಳಿಗೆಗೆ ಸರಿಯಾಗಿ ದಾರವನ್ನು ಹಲ್ಲಿನಿಂದ ಕಡಿದು “ಉಳಿದದ್ದು ಓದ್ಕೊಳ್ಳಿ” ಎಂದು ಸೂಜಿ ಕೆಳಗಿಡುತ್ತಿದ್ದರು.

ಅವರಿಗೆ ಎಲ್ಲಕ್ಕಿಂತ ಪ್ರಿಯವಾದದ್ದು ‘ಗಾಳಿ ಕಾಯುವವಳು’ ಎಂಬ ಮೂರು ಸಂಪುಟಗಳ ಕಾದಂಬರಿ. ಬೆಟ್ಟದ ನಾಡೊಂದರಲ್ಲಿ ಮನೆಮನೆಗೂ ಒಂದೊಂದು ಗಾಳಿಯಿರುತ್ತದೆ, ಅವುಗಳನ್ನು ದನಗಳಂತೆ ಮೇಯಲು ಹೊಡೆದುಕೊಂಡು ಹೋಗುವುದು ಒಬ್ಬ ಹುಡುಗಿಯ ಕೆಲಸ. ಮಂದೆಯಲ್ಲೊಂದು ಕುಂಟ ಗಾಳಿ. ಎರಡನೆಯ ಸಂಪುಟದ ಕೊನೆಗೆ ಅದು ಕಣಿವೆಯಲ್ಲಿ ತಪ್ಪಿಸಿಕೊಳ್ಳುತ್ತದೆ. ನಾನು ಹೊಸದಾಗಿ ಸೇರಿದ ವಾರವೇ ಬೈಂಡರಮ್ಮ ಮೊದಲ ಸಂಪುಟವನ್ನು ನನ್ನ ಕೈಗಿಟ್ಟು, “ಆ ಕುಂಟ ಗಾಳಿಗೆ ಬಾಗಿಲು ತಟ್ಟೋಕೂ ಶಕ್ತಿ ಇಲ್ಲ ಸಾರ್. ಕಿಟಕಿ ಪರದೆ ಒಂಚೂರು ಅಲ್ಲಾಡಿದ್ರೆ ಅದು ಬಂದಿದೆ ಅಂತ ಅರ್ಥ” ಎಂದಾಗ ಅವರ ಮುಖದಲ್ಲಿದ್ದ ಬೆಳಕು ನನಗಿನ್ನೂ ನೆನಪಿದೆ. ಅಂಥ ಪುಸ್ತಕಗಳನ್ನು ನಾನು ಓದುವುದಿಲ್ಲವೆಂದು ನಗುತ್ತಲೇ ಹಿಂದಿರುಗಿಸಿದೆ. ದೊಡ್ಡವರು ಓದಬೇಕಾದದ್ದು ಬೇರೆ ಇದೆಯೆಂದು ನಂಬಿದ್ದ ಕಾಲ ಅದು. ಅವರೂ ನಕ್ಕರು.

ಹನ್ನೊಂದು ವರ್ಷದ ಹಿಂದೆ ಕಟ್ಟಡದ ನವೀಕರಣ ನಡೆಯಿತು. ಓದುವ ಸಭಾಂಗಣಕ್ಕೆ ಕಂಪ್ಯೂಟರ್ ಮೇಜುಗಳನ್ನು ತರಬೇಕಿತ್ತು, ಎರಡು ಸಾಲು ಕಪಾಟು ಕಡಿಮೆ ಮಾಡಬೇಕಿತ್ತು. ರದ್ದಿಗೆ ಹಾಕುವ ಪುಸ್ತಕಗಳ ಪಟ್ಟಿಯನ್ನು ಸಿದ್ಧಪಡಿಸುವ ಅಧಿಕಾರ ನನ್ನದಾಗಿತ್ತು. ಮಾಯಾಲೋಕದ ಕಾದಂಬರಿಗಳ ಸಾಲಿನ ಮುಂದೆ ನಿಂತು, ಅಲ್ಲಿನ ಬಹುಪಾಲು ಪುಸ್ತಕಗಳು ‘ಜೀರ್ಣಸ್ಥಿತಿ’ಯಲ್ಲಿವೆ ಎಂದು ಬರೆದು ಸಹಿ ಹಾಕಿದೆ. ಓದುಗರ ಪ್ರೀತಿಯಿಂದಲೇ ಜೀರ್ಣವಾದವುಗಳನ್ನು ಜೀರ್ಣವಾದದ್ದೇ ಅಪರಾಧವೆಂಬಂತೆ ಹೊರಹಾಕುತ್ತಿದ್ದೇನೆಂಬ ವಿವೇಕ ಆಗ ನನಗೆ ಹೊಳೆಯಲಿಲ್ಲ. ಬೈಂಡರಮ್ಮ ಪಟ್ಟಿಯನ್ನು ಹಿಡಿದು ನನ್ನ ಕೋಣೆಗೆ ಬಂದರು. ಹಾಗೆ ತಾವಾಗಿ ಬಂದದ್ದು ಅದೊಂದೇ ಸಲ.

“ಎಲ್ಲಾನೂ ಹೊಲಿದು ಕೊಡ್ತೀನಿ ಸಾರ್. ರಜೆ ದಿನವೂ ಬರ್ತೀನಿ. ಬಟ್ಟೆ ಇದೆ, ರಟ್ಟಿದೆ, ಏನೂ ಹೊಸದಾಗಿ ತರಿಸೋದು ಬೇಡ.”

“ಜಾಗವೇ ಇಲ್ಲವಲ್ಲಮ್ಮ. ಇನ್ನೂ ಎಷ್ಟು ದಿನ ಈ ಮಕ್ಕಳಾಟದ ಪುಸ್ತಕ?” ಎಂದೆ.

ಅವರು ಪಟ್ಟಿಯನ್ನು ಮಡಿಸಿ ಮೇಜಿನ ಮೇಲಿಟ್ಟರು. ನಾನು ಅಷ್ಟಕ್ಕೇ ಸುಮ್ಮನಾಗಲಿಲ್ಲ. ಅರ್ಧ ಬಾಗಿಲಿನ ಮುಂದೆ ಸೇರುವ ಓದುಗರು ನನ್ನ ಕಣ್ಣಿಗೆ ಮೊದಲಿನಿಂದಲೂ ಕುಕ್ಕುತ್ತಿದ್ದರು. ಪುಸ್ತಕ ಸೂಚಿಸುವುದು ತರಬೇತಿ ಪಡೆದವರ ಕೆಲಸವೆಂಬ ಹಮ್ಮು ನನ್ನಲ್ಲಿತ್ತು. ಬೈಂಡಿಂಗ್ ವಿಭಾಗದ ಸಿಬ್ಬಂದಿ ಇನ್ನು ಮುಂದೆ ಗ್ರಂಥಾಲಯದೊಳಗೆ ಓದುಗರಿಗೆ ಪುಸ್ತಕಗಳ ಕುರಿತು ಸಲಹೆ ನೀಡತಕ್ಕದ್ದಲ್ಲವೆಂದು ಜ್ಞಾಪನ ಹೊರಡಿಸಿದೆ. ಆ ವಿಭಾಗದ ಸಿಬ್ಬಂದಿಯೆಂದರೆ ಅವರೊಬ್ಬರೇ. ಓದಿ, “ಆಗ್ಲಿ ಸಾರ್” ಎಂದು ಸಹಿ ಹಾಕಿಕೊಟ್ಟರು. ಮರುದಿನ ಬಡಗಿಯನ್ನು ಕರೆದು ಅರ್ಧ ಬಾಗಿಲಿನ ಜಾಗಕ್ಕೆ ಪೂರ್ತಿ ಬಾಗಿಲು ಹಾಕಿಸಿದೆ. ಪುಸ್ತಕಗಳು ಲಾರಿಯೇರಿ ಕಾಗದದ ಗಿರಣಿಗೆ ಹೋದವು.

ಅದೇ ತಿಂಗಳು ಕೌಂಟರಿನಲ್ಲಿ ನಾನಿದ್ದಾಗ ನಗರ ಸಾರಿಗೆಯ ಸಮವಸ್ತ್ರ ತೊಟ್ಟ ಬಸ್ ಚಾಲಕರೊಬ್ಬರು ‘ಗಾಳಿ ಕಾಯುವವಳು’ ಎರಡನೆಯ ಸಂಪುಟವನ್ನು ಹಿಂದಿರುಗಿಸಿ ಮೂರನೆಯದನ್ನು ಕೇಳಿದರು. ಅದು ರದ್ದಾಗಿದೆಯೆಂದೆ. ಎರಡನೆಯದು ಅವರ ಮನೆಯಲ್ಲಿದ್ದುದರಿಂದ ಗಿರಣಿಯ ಪಾಲಾಗದೆ ಉಳಿದಿತ್ತು, ಅಷ್ಟೆ. “ಮತ್ತೆ ತರಿಸೋಕಾಗಲ್ವಾ ಸಾರ್?” ಎಂದರು. “ಅಂಥ ಪುಸ್ತಕ ಈಗ ಎಲ್ಲೂ ಸಿಗೋದಿಲ್ಲ” ಎಂದು ಹೇಳಿ ಮುಂದಿನವರನ್ನು ಕರೆದೆ. ವಿಚಾರಿಸದೆಯೇ ಹೇಳಿದ ಆ ಮಾತು ಕೊನೆಗೆ ನಿಜವೇ ಆಯಿತೆಂಬುದು ನನ್ನ ದೌರ್ಭಾಗ್ಯ.

ಆಮೇಲಿನ ಆರು ವರ್ಷ ಬೈಂಡರಮ್ಮ ಆ ಜ್ಞಾಪನವನ್ನು ಅಕ್ಷರಶಃ ಪಾಲಿಸಿದರು. ಓದುಗರು ಬಾಗಿಲು ತಟ್ಟಿದರೆ “ಕೌಂಟರಲ್ಲಿ ಕೇಳಿ” ಎನ್ನುತ್ತಿದ್ದರು. ನಮ್ಮನ್ನು ಯಾರೂ ಕೇಳಲಿಲ್ಲ. ಬರುವವರ ಸಂಖ್ಯೆ ಇಳಿಯಿತು, ನಾನು ಕಾಲವನ್ನು ದೂರಿದೆ. ಅವರು ಮುಖ ಗಂಟುಹಾಕಲಿಲ್ಲ, ಕೆಲಸದಲ್ಲಿ ಕುಂದು ತರಲಿಲ್ಲ. ನನ್ನ ತಂದೆ ಉಳಿಸಿಹೋಗಿದ್ದ ಹಳೆಯ ನಿಘಂಟಿನ ಬೆನ್ನು ಕಿತ್ತುಬಂದಾಗ, ನಾನು ಕೇಳುವ ಮುಂಚೆಯೇ ಮೇಜಿನಿಂದ ಎತ್ತಿಕೊಂಡು ಹೋಗಿ ಮೂರು ದಿನದಲ್ಲಿ ಹೊಸದರಂತೆ ಮಾಡಿಕೊಟ್ಟರು. ಅವರ ಕೈ ನನ್ನ ಮೇಲೆ ಮುನಿದಿರಲಿಲ್ಲ. ಮುನಿದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಐದು ವರ್ಷದ ಹಿಂದೆ, ಒಂದು ಬೆಳಿಗ್ಗೆ ಕಣ್ಣಾಸ್ಪತ್ರೆಯ ಬೆಂಚಿನ ಮೇಲೆ ಕುಳಿತಿದ್ದೆ. ಪಾಪೆ ಹಿಗ್ಗಲು ಔಷಧಿಯ ಹನಿ ಹಾಕಿದ್ದರು, ಎದುರಿನ ಗೋಡೆಯ ಅಕ್ಷರಗಳೆಲ್ಲ ಮಂಜು. ಪಕ್ಕದಲ್ಲಿದ್ದವರಿಗೂ ಅದೇ ಅವಸ್ಥೆ. ಬಸ್ ಓಡಿಸುವವರಿಗೆ ವರ್ಷಕ್ಕೊಮ್ಮೆ ಈ ಪರೀಕ್ಷೆ ಕಡ್ಡಾಯವೆಂದರು. ನನ್ನ ಉದ್ಯೋಗ ಕೇಳಿದರು. ಗ್ರಂಥಾಲಯದಲ್ಲಿ ಎಂದೆ. ಅವರು ತಾವಾಗಿಯೇ ಹೇಳತೊಡಗಿದರು.

“ನನ್ನ ಹೆಂಡ್ತಿ ಬಟ್ಟೆ ಹೊಲೀತಿದ್ಳು ಸಾರ್. ಕಾಯಿಲೆ ಬಿದ್ದ ಮೇಲೆ ಪುಸ್ತಕ ಹಿಡ್ಕೊಳ್ಳೋಕೂ ಆಗ್ತಿರ್ಲಿಲ್ಲ. ನಿಮ್ಮ ಬೈಂಡರಮ್ಮ ಒಂದು ಕಥೆ ಪುಸ್ತಕ ಕೊಟ್ಟು, ನೀವೇ ಓದಿ ಹೇಳಿ ಅಂದ್ರು. ಬೆಳಗಿನ ಪಾಳಿ ಮುಗಿಸ್ಕೊಂಡು ಬಂದು ಮಧ್ಯಾಹ್ನ ಓದ್ತಿದ್ದೆ. ಕಿಟಕಿ ಪರದೆ ಅಲ್ಲಾಡಿದ್ರೆ ಸಾಕು, ‘ಬಂತು ನೋಡಿ, ನಿಮ್ಮ ಕುಂಟ ಗಾಳಿ’ ಅನ್ನೋಳು. ನಗೋಳು. ನೋವಲ್ಲೂ ನಗೋಳು. ಮೂರನೇ ಪುಸ್ತಕ ತರೋಕೆ ಹೋದ್ರೆ ಇಲ್ಲ ಅಂದ್ಬಿಟ್ರು.”

ಕೌಂಟರಿನಿಂದ ನಾನು ಬರಿಗೈಲಿ ಕಳಿಸಿದ್ದ ಚಾಲಕರು ಇವರೇ ಎಂದು ಆಗ ಹೊಳೆಯಿತು. ಅವರು ಮುಂದುವರಿಸಿದರು. ವಿಷಯ ಹೇಗೋ ತಿಳಿದ ಬೈಂಡರಮ್ಮ ಕೆಲಸ ಮುಗಿಸಿಕೊಂಡು ಅವರ ಮನೆಗೇ ಹೋದರಂತೆ. ಹಾಸಿಗೆಯ ಪಕ್ಕ ಕುಳಿತು, ಎಂದೋ ಹೊಲಿಯುತ್ತ ಓದಿದ್ದ ಮೂರನೆಯ ಸಂಪುಟವನ್ನು ನೆನಪಿನಿಂದಲೇ ಹೇಳಿದರಂತೆ. ಎರಡು ಬಸ್ಸು ಬದಲಿಸಿ ಹೋಗಿ, ಬಳಲಿದ ರೋಗಿ ಕೇಳುವಷ್ಟು ಹೇಳಿ, ಮತ್ತೆ ಎರಡು ಬಸ್ಸು ಬದಲಿಸಿ ಮನೆ ಸೇರಬೇಕು. ದಿನಕ್ಕೆ ಒಂದು ಅಧ್ಯಾಯದಂತೆ ಹತ್ತೊಂಬತ್ತು ಸಂಜೆ ಹೋದರು. ಕೊನೆಯ ಅಧ್ಯಾಯ ಒಂದು ಉಳಿದಿತ್ತು.

“ಇಪ್ಪತ್ತನೇ ದಿನ ಬೆಳಿಗ್ಗೆ ಹೋಗ್ಬಿಟ್ಳು” ಎಂದರು ಚಾಲಕರು. “ಪುಸ್ತಕ ಸಿಕ್ಕಿದ್ರೆ ನಾನು ದಿನಕ್ಕೆ ಮೂರು ಅಧ್ಯಾಯ ಓದ್ತಿದ್ದೆ ಸಾರ್. ಒಂದು ವಾರಕ್ಕೆ ಮುಗಿದೋಗ್ತಿತ್ತು.”

“ನೀವಾದರೂ ಆಮೇಲೆ ಕೊನೆ ಏನೆಂದು ಕೇಳಲಿಲ್ಲವೇ?”

“ಅವಳು ಕೇಳದೇ ಇರೋದನ್ನ ನಾನೊಬ್ನೇ ಹೆಂಗೆ ಕೇಳ್ಲಿ?”

ಆ ಪಟ್ಟಿಗೆ ಸಹಿ ಹಾಕಿದವನು ನಾನೇ ಎಂದು ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ನಾನು ಹೇಳಲಿಲ್ಲ. ದಾದಿ ಕರೆದಳು, ಎದ್ದು ಹೋದೆ. ಮಂಜುಗಣ್ಣಿನಲ್ಲಿ ಅವರು ನನ್ನ ಮುಖ ಕಂಡಿರಲಾರರೆಂದು ಸಮಾಧಾನಪಟ್ಟುಕೊಂಡೆ. ಜೀವನದಲ್ಲಿ ನಾನು ಪಟ್ಟ ಸಮಾಧಾನಗಳಲ್ಲಿ ಅತ್ಯಂತ ಕೀಳಾದದ್ದು ಅದು.

ಮರುದಿನ ಬೈಂಡಿಂಗ್ ಕೋಣೆಗೆ ಹೋಗಿ ಎಲ್ಲವನ್ನೂ ತಿಳಿದುಕೊಂಡೆನೆಂದು ಹೇಳಿದೆ. ಬೈಂಡರಮ್ಮ ರಟ್ಟಿಗೆ ಅಂಟು ಸವರುತ್ತಿದ್ದರು, ಕೈ ನಿಲ್ಲಲಿಲ್ಲ. ಅಂಟು ಅರ್ಧಕ್ಕೆ ನಿಂತರೆ ಒಣಗಿಬಿಡುತ್ತದೆ.

“ಆಗಲೇ ಯಾಕಮ್ಮ ನನಗೆ ಹೇಳಲಿಲ್ಲ?”

“ಹೇಳಿದ್ರೆ ಏನ್ ಮಾಡ್ತಿದ್ರಿ ಸಾರ್? ಲಾರಿ ಹೋಗಿಯಾಗಿತ್ತು. ನಿಮಗೂ ಒಂದು ನೋವು, ಅಷ್ಟೇ ತಾನೆ?” ಎಂದು ರಟ್ಟನ್ನು ಒತ್ತಿ, ಬಟ್ಟೆಯಿಂದ ಅಂಚು ಒರೆಸಿ, ಆಮೇಲೆ ಕೊಂಚ ತುಂಟತನದಿಂದಲೇ ಸೇರಿಸಿದರು: “ಜ್ಞಾಪನ ಮೀರಿಲ್ಲ ಸಾರ್. ಇಲ್ಲಿ ಹೇಳ್ಬಾರ್ದು ಅಂತ ಬರೆದಿದ್ರಿ, ಅವರ ಮನೇಲಿ ಹೇಳ್ಬಾರ್ದು ಅಂತ ಇರ್ಲಿಲ್ಲ.”

ಅಂದೇ ಜ್ಞಾಪನವನ್ನು ರದ್ದುಮಾಡಿದೆ. ವಾರದೊಳಗೆ ಅರ್ಧ ಬಾಗಿಲು ಮರಳಿ ಬಂತು. ಆದರೆ ಆರು ವರ್ಷದಲ್ಲಿ ಓದುಗರು ಬೇರೆ ದಾರಿ ಹಿಡಿದಿದ್ದರು. ಹಳಬರಲ್ಲಿ ಕೆಲವರು ಮಾತ್ರ ತಿರುಗಿ ಬಂದರು. ಮುರಿದದ್ದನ್ನು ಕಟ್ಟುವ ವಿದ್ಯೆ ಬೈಂಡರಮ್ಮನವರಿಗೆ ತಿಳಿದಿತ್ತು, ನನಗೆ ತಿಳಿದಿರಲಿಲ್ಲ.

ಚಾಲಕರನ್ನು ಹುಡುಕಿಕೊಂಡು ಡಿಪೋಗೆ ಹೋಗಲು ನನಗೆ ಇನ್ನೊಂದು ತಿಂಗಳು ಬೇಕಾಯಿತು. ಅವರು ಬಸ್ಸಿನ ಮುಂಗಾಜನ್ನು ಒರೆಸುತ್ತಿದ್ದರು. ಪೀಠಿಕೆಯಿಲ್ಲದೆ ಹೇಳಿದೆ: ಆ ಪುಸ್ತಕಗಳನ್ನು ಹೊರಹಾಕಿಸಿದವನು ನಾನು. ಅವರು ಬಟ್ಟೆ ಹಿಂಡಿ ಬಕೆಟ್ಟಿನ ಅಂಚಿಗೆ ಹಾಕಿದರು.

“ಗೊತ್ತಿತ್ತು ಸಾರ್. ಮುಖ ಕಾಣದಿದ್ರೇನು, ಧ್ವನಿ ಗೊತ್ತಾಗಲ್ವಾ? ಕೌಂಟರಲ್ಲಿ ಎಲ್ಲೂ ಸಿಗೋದಿಲ್ಲ ಅಂದಿದ್ದು ನೀವೇ ಅಲ್ವಾ?”

“ಗೊತ್ತಿದ್ದೂ ಹೇಳಿದಿರಾ?”

“ಗೊತ್ತಿದ್ದೇ ಹೇಳಿದ್ದು. ನಿಮಗೂ ಗೊತ್ತಿರ್ಲಿ ಅಂತ.” ಇಷ್ಟು ಹೇಳಿ, ಹೊರಡುವ ಹೊತ್ತಾಯಿತೆಂದು ಮೇಲೆ ಹತ್ತಿ ಕುಳಿತರು. ಕ್ಷಮಿಸಿದೆನೆಂದು ಅವರು ಹೇಳಲಿಲ್ಲ. ಅದನ್ನು ಕೇಳುವ ಧೈರ್ಯ ನನಗೂ ಇರಲಿಲ್ಲ.

ಮೂರನೆಯ ಸಂಪುಟಕ್ಕಾಗಿ ನಾನು ಎರಡು ವರ್ಷ ಹುಡುಕಿದೆ. ಇತರ ಗ್ರಂಥಾಲಯಗಳಿಗೆ ಪತ್ರ ಬರೆದೆ, ಹಳೆ ಪುಸ್ತಕದಂಗಡಿಗಳ ಧೂಳು ಕುಡಿದೆ. ಪ್ರಕಾಶಕರ ವಿಳಾಸದಲ್ಲಿ ಈಗ ಔಷಧಿ ಅಂಗಡಿಯಿತ್ತು. ಮೊದಲ ಸಂಪುಟದ ಎರಡು ಪ್ರತಿ ಸಿಕ್ಕವು, ಮೂರನೆಯದರ ಒಂದು ಹಾಳೆಯೂ ಸಿಗಲಿಲ್ಲ.

ಆ ದಿನಗಳಲ್ಲೇ ನಾನು ಮೊದಲ ಬಾರಿಗೆ ಆ ಅರ್ಧ ಬಾಗಿಲಿನ ಹೊರಗೆ ಓದುಗನಾಗಿ ನಿಂತೆ. ಬೈಂಡರಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿ, ‘ನಕ್ಷೆ ತಿದ್ದುವವನು’ ಎಂಬ ಸಣ್ಣ ಕಾದಂಬರಿ ಕೊಟ್ಟರು. ಅರಮನೆಯ ಗುಮಾಸ್ತನೊಬ್ಬ ನಕ್ಷೆಯಿಂದ ತನಗೆ ಬೇಡವೆನಿಸಿದ ಬೀದಿಗಳನ್ನು ಅಳಿಸುತ್ತಾನೆ, ಅಳಿಸಿದ ಬೀದಿಗಳು ಊರಿನಿಂದ ನಿಜವಾಗಿಯೇ ಮಾಯವಾಗುತ್ತವೆ. ಕೊನೆಗೊಂದು ದಿನ ಅವನಿಗೆ ಮನೆಗೆ ಹೋಗುವ ದಾರಿ ಸಿಗುವುದಿಲ್ಲ. ಬೇಕೆಂದೇ ಕೊಟ್ಟರೋ ಕೈಗೆ ಸಿಕ್ಕಿದ್ದನ್ನು ಕೊಟ್ಟರೋ ಇಂದಿಗೂ ತಿಳಿಯದು. ಮೂರು ಸಲ ಓದಿದೆ. ಗುಮಾಸ್ತ ದುಷ್ಟನೆಂದು ನಾನು ವಾದಿಸಿದರೆ, “ದುಷ್ಟ ಅಲ್ಲ ಸಾರ್, ಬೀದೀಲಿ ನಡೆದೇ ಇರ್ಲಿಲ್ಲ ಅವನು” ಎಂದು ಅವರು ಅವನ ಪರ ವಹಿಸಿದರು. ಹೀಗೆ ಶುರುವಾದ ಓದು ನಿಲ್ಲಲಿಲ್ಲ. ಸಿಂಹಾಸನವೇರಲು ಒಪ್ಪದ ರಾಣಿಯರು, ನೆನಪು ಸಂಗ್ರಹಿಸುವ ಮೀನುಗಳು, ಋಣ ತೀರದೆ ಸಾಯಲಾಗದ ದೈತ್ಯರು, ಎಲ್ಲರೂ ಐವತ್ತು ದಾಟಿದ ಮೇಲೆ ನನ್ನ ಬಂಧುಬಳಗವಾದರು. ಊಟದ ಬಿಡುವಿನಲ್ಲಿ ಅವರ ಮೇಜಿನ ಎದುರು ಕುಳಿತು ಜಗಳವಾಡಿದ ಆ ಮೂರು ವರ್ಷ ನನ್ನ ವೃತ್ತಿಜೀವನದ ನಿಜವಾದ ಶಿಕ್ಷಣ. ಇಪ್ಪತ್ತು ವರ್ಷ ಮುಂಚೆಯೇ ಸಿಗಬಹುದಾಗಿದ್ದ ಸುಖವನ್ನು ನಾನೇ ನಗುತ್ತ ಹಿಂದಿರುಗಿಸಿದ್ದೆನೆಂಬ ಕೊರಗು ಪ್ರತಿ ಪುಸ್ತಕದೊಂದಿಗೂ ಬೆಳೆಯಿತು.

‘ಗಾಳಿ ಕಾಯುವವಳು’ ಮೂರನೆಯ ಸಂಪುಟದ ಕಥೆಯನ್ನೂ ಹೇಳಿರೆಂದು ಬೇಡಿಕೊಂಡೆ. ಹೇಳಿದರು. ಹುಡುಗಿ ಕಣಿವೆಗಿಳಿದದ್ದು, ಅಲ್ಲಿ ಗಾಳಿಗಳನ್ನು ಹಿಡಿದು ಜಾಡಿಗಳಲ್ಲಿ ಮುಚ್ಚಿಡುವವರ ಪೇಟೆ ಕಂಡದ್ದು, ಎಲ್ಲವನ್ನೂ ಹೇಳಿದರು. ಹತ್ತೊಂಬತ್ತನೆಯ ಅಧ್ಯಾಯ ಮುಗಿದಾಗ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟರು.

“ಮುಂದಿನದು ಬೇಡ ಸಾರ್. ಅದು ಅವರದ್ದು. ಅವರು ಕೇಳೋವರೆಗೂ ಇನ್ನೊಬ್ಬರಿಗೆ ಹೇಳೋ ಹಕ್ಕು ನಂಗಿಲ್ಲ.”

ನಾನು ಒತ್ತಾಯಿಸಲಿಲ್ಲ.

ಬೀಳ್ಕೊಡುಗೆಯ ದಿನ ಓದುವ ಸಭಾಂಗಣದಲ್ಲಿ ಕುರ್ಚಿಗಳು ಸಾಲದೆ ಜನ ಗೋಡೆಗೊರಗಿ ನಿಂತಿದ್ದರು. ಏನಾದರೂ ಮಾತಾಡಿರೆಂದರೆ ಬೈಂಡರಮ್ಮ, “ಪುಸ್ತಕಾನ ಮಗುಚಿ ಹಾಕ್ಬೇಡಿ, ಬೆನ್ನು ಹೋಗುತ್ತೆ” ಎಂದಷ್ಟೇ ಹೇಳಿ ಕುಳಿತರು. ಸಭೆ ನಕ್ಕು, ಆಮೇಲೆ ಬಹಳ ಹೊತ್ತು ಚಪ್ಪಾಳೆ ತಟ್ಟಿತು. ಚಹಾ ಮುಗಿದು ಜನ ಕರಗುತ್ತಿದ್ದಾಗ, ಕೊನೆಯ ಸಾಲಿನಿಂದ ಚಾಲಕರು ಎದ್ದು ಬಂದರು. ಅವರೂ ನಿವೃತ್ತರಾಗಿದ್ದರು, ಸಮವಸ್ತ್ರವಿಲ್ಲದೆ ತಕ್ಷಣ ಗುರುತು ಸಿಗಲಿಲ್ಲ.

“ಬೈಂಡರಮ್ಮ, ಇವತ್ತು ಕೇಳ್ತೀನಿ” ಎಂದರು.

“ಬನ್ನಿ” ಎಂದು ಅವರು ಎದ್ದರು. ಇಬ್ಬರೂ ಓಣಿಯುದ್ದಕ್ಕೂ ನಡೆದು ಬೈಂಡಿಂಗ್ ಕೋಣೆಯೊಳಗೆ ಹೋದರು. ನಾನು ಸಭಾಂಗಣದಲ್ಲೇ ಉಳಿದು ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿದೆ. ಪೇರಿಸಿದ್ದು ಮುಗಿದ ಮೇಲೂ ಅಲ್ಲೇ ನಿಂತಿದ್ದೆ. ಮುಕ್ಕಾಲು ಗಂಟೆ ಕಳೆದು ಚಾಲಕರು ಹೊರಬಂದರು. ನನ್ನನ್ನು ದಾಟುವಾಗ ಒಂದು ಗಳಿಗೆ ನಿಂತು, ನನ್ನ ತೋಳು ಮುಟ್ಟಿ, ಮೆಟ್ಟಿಲಿಳಿದು ಹೋದರು. ಕುಂಟ ಗಾಳಿ ಮನೆ ಸೇರಿತೇ ಇಲ್ಲವೇ ಎಂದು ನಾನು ಬೈಂಡರಮ್ಮನವರನ್ನು ಕೇಳಲಿಲ್ಲ. ಇನ್ನು ಹೇಳಲು ಅವರಿಗೆ ಅಡ್ಡಿಯಿಲ್ಲ. ಕೇಳಲು ನನಗೆ ಅರ್ಹತೆಯಿಲ್ಲ.

ಇಂಥ ಗ್ರಂಥಗಳಲ್ಲಿ ಹಿರಿಯರು ನೂರ್ಕಾಲ ಬಾಳಲೆಂದು ಹಾರೈಸುವುದು ವಾಡಿಕೆ. ನನ್ನ ಹಾರೈಕೆ ವಾಡಿಕೆಯದಲ್ಲ. ಬೈಂಡರಮ್ಮನವರ ಕಣ್ಣು ಮಂಕಾಗದಿರಲಿ, ಬೆರಳು ನಡುಗದಿರಲಿ. ವಾರಕ್ಕೆರಡು ದಿನ ಬಂದು ಹೊಸಬರಿಗೆ ಹೊಲಿಗೆ ಕಲಿಸಲು ಒಪ್ಪಿರುವ ಅವರು ಆ ಕೆಲಸವನ್ನು ಬಹುಕಾಲ ಮುಂದುವರಿಸಲಿ. ಒಂದು ಕಾದಂಬರಿಯ ಕೊನೆಯ ಅಧ್ಯಾಯ, ನಾನು ಬಲ್ಲಮಟ್ಟಿಗೆ, ಈಗ ಯಾವ ಕಪಾಟಿನಲ್ಲಿಯೂ ಇಲ್ಲ. ಇಬ್ಬರು ಮನುಷ್ಯರಲ್ಲಿ ಮಾತ್ರ ಇದೆ. ಆ ಇಬ್ಬರೂ ದೀರ್ಘಕಾಲ ಬದುಕಿರಲಿ.